ಇಲಿಯ ಪಾದ, ಅತ್ತೆಯ ಮಂಡಿ

ನಮ್ಮ ಮನೆಯ ಮಹಡಿಗೆ 14 ಮೆಟ್ಟಿಲುಗಳಿವೆ. ಹತ್ತು ವರ್ಷ ಅವನ್ನು ಏರಿ ಇಳಿದರೂ ನನಗೆ ಈ ಲೆಕ್ಕ ತಿಳಿದಿರಲಿಲ್ಲ. ತಿಳಿಸಿಕೊಟ್ಟವರು ನನ್ನ ಸೋದರತ್ತೆ. ಮಂಡಿ ಚೆನ್ನಾಗಿರುವವರು ಮೆಟ್ಟಿಲುಗಳನ್ನು ಎಣಿಸುವುದಿಲ್ಲ. 68 ವರ್ಷದ ಅತ್ತೆಯಾದರೋ ಪ್ರತಿಯೊಂದು ಮೆಟ್ಟಿಲಿಗೂ ಒಂದೊಂದು ದೇವರ ಹೆಸರನ್ನು ಹಂಚಿಕೊಟ್ಟು, ಏಳನೆಯದರಲ್ಲಿ ಕಂಬಿ ಹಿಡಿದು ನಿಂತು, ಮತ್ತೆ ಏರಿ, ಬಿಸಿಲುಮಚ್ಚಿನಲ್ಲಿ ಹಪ್ಪಳ ಹರಡಿ ಬರುತ್ತಿದ್ದರು. ಬರಬರುತ್ತ ಏಳನೆಯ ಮೆಟ್ಟಿಲಿನ ದೇವರಲ್ಲಿ ಅವರಿಗೆ ಭಕ್ತಿ ಹೆಚ್ಚಿತು. ಕೊನೆಗೆ ಹಪ್ಪಳದ ಕೆಲಸ ನನ್ನ ಪಾಲಿಗೆ ಬಂದಿತು. ಕನ್ನಡ ಅಧ್ಯಾಪಕನೊಬ್ಬ ಕೋಲು ಹಿಡಿದು ಕಾಗೆ ಕಾಯುವುದನ್ನು ಕಂಡು ನೆರೆಹೊರೆಯವರು ಆಶ್ಚರ್ಯಪಡಲಿಲ್ಲ. ಎಂ.ಎ. ಮಾಡಿದವನಿಗೆ ಇಷ್ಟಾದರೂ ಉಪಯೋಗವುಂಟಲ್ಲ ಎಂದು ಅವರು ಸಮಾಧಾನಪಟ್ಟಿರಬೇಕು.

ಕಳೆದ ವರ್ಷ ಮಾಗಿಯ ಚಳಿಯಲ್ಲಿ ಅತ್ತೆಯ ನೋವು ಉಲ್ಬಣಿಸಿತು. ಎಕ್ಕದ ಎಲೆ ಕಾಯಿಸಿ ಕಟ್ಟಿದ್ದಾಯಿತು, ಹರಳೆಣ್ಣೆ ಸವರಿದ್ದಾಯಿತು, ವೈದ್ಯರು ಕೊಟ್ಟ ಗುಳಿಗೆಗಳಿಂದ ಹೊಟ್ಟೆಯುರಿಯೂ ಬಂದದ್ದಾಯಿತು. ಅಷ್ಟರಲ್ಲಿ ನೆಂಟರೊಬ್ಬರ ಕೈಯಲ್ಲಿ ಒಂದು ಪೊಟ್ಟಣ ಬಂದಿತು. ಹಸಿರು ಕಾಗದ, ಮೇಲೆ ಗಡ್ಡದ ಋಷಿಯೊಬ್ಬನ ಚಿತ್ರ, ಅದರ ಕೆಳಗೆ, "ಅಪ್ಪಟ ಗಿಡಮೂಲಿಕೆ. ಪ್ರಯೋಗಶಾಲೆಯಲ್ಲಿ ಪರೀಕ್ಷಿತ." ಒಳಗೆ ಕಂದುಬಣ್ಣದ ಪುಡಿ. ಅದನ್ನು ದಿನಕ್ಕೆರಡು ಸಲ ಜೇನುತುಪ್ಪದಲ್ಲಿ ಕಲಸಿ ತೆಗೆದುಕೊಳ್ಳಬೇಕು. ಯಾರು ಮಾಡಿದ್ದು, ಯಾವ ಊರು, ಯಾವ ಗಿಡ ಎಂಬುದನ್ನು ಕಾಗದ ತಿಳಿಸಲಿಲ್ಲ. ಋಷಿಯಂತೂ ತಿಳಿಸುವ ಸ್ಥಿತಿಯಲ್ಲಿರಲಿಲ್ಲ.

ನಾಲ್ಕನೆಯ ದಿನ ಅತ್ತೆ ಎಲ್ಲಿಯೂ ನಿಲ್ಲದೆ ಮಹಡಿಯನ್ನೇರಿದರು. ಏಳನೆಯ ಮೆಟ್ಟಿಲಿನ ದೇವರನ್ನು ಹಾದುಹೋಗುವಾಗ ಕೈಮುಗಿಯುವುದಕ್ಕೂ ಅವರಿಗೆ ಪುರುಸೊತ್ತಾಗಲಿಲ್ಲ. ಮನೆಯಲ್ಲಿ ಹಬ್ಬವಾಯಿತು. "ಹಿಂದಿನವರು ಸುಮ್ಮಸುಮ್ಮನೆ ಹೇಳಿಟ್ಟಿದ್ದಾರೇನೋ? ನಿನ್ನ ಪುಸ್ತಕದಲ್ಲಿ ಎಲ್ಲ ಇರುತ್ತೆ ಅನ್ಕೊಂಡಿದ್ದೀಯ!" ಎಂದು ಅತ್ತೆ ನನ್ನನ್ನು ಗದರಿಸಿದರು. ನಾನು ಸಂತೋಷದಿಂದಲೇ ಗದರಿಸಿಕೊಂಡೆ.

ಆದರೂ ಆ ಪರೀಕ್ಷಿತ ಎಂಬ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಕನ್ನಡ ಮೇಷ್ಟರಿಗೆ ಪರೀಕ್ಷಿತನೆಂದೊಡನೆ ಹಾವು ಕಚ್ಚಿ ಸತ್ತ ರಾಜನ ನೆನಪಾಗುವುದು ಸಹಜ. ಅದನ್ನು ಬಿಟ್ಟರೂ, ನನ್ನ ಅನುಭವದಲ್ಲಿ ಪರೀಕ್ಷೆಯೆಂದರೆ ಒಬ್ಬ ಪರೀಕ್ಷಕನಿರಬೇಕು, ಒಂದು ಪ್ರಶ್ನೆಪತ್ರಿಕೆಯಿರಬೇಕು, ನಪಾಸಾಗುವ ಸಾಧ್ಯತೆಯೂ ಇರಬೇಕು. ಈ ಪುಡಿಗೆ ಪ್ರಶ್ನೆಪತ್ರಿಕೆ ಕೊಟ್ಟವರು ಯಾರು? ಎರಡು ತಿಂಗಳು ಕಳೆದ ಮೇಲೆ ಒಂದು ಶನಿವಾರ, ಹೊಸದಾಗಿ ಬಂದ ಪೊಟ್ಟಣವೊಂದನ್ನು ಜೇಬಿಗೆ ಹಾಕಿಕೊಂಡು, ಔಷಧವಿಜ್ಞಾನದ ಕಾಲೇಜಿನಲ್ಲಿ ಪಾಠಮಾಡುವ ನನ್ನ ಬಾಲ್ಯಸ್ನೇಹಿತನಲ್ಲಿಗೆ ಹೋದೆ.

ಪೊಟ್ಟಣವನ್ನು ತಿರುಗಿಸಿ ನೋಡಿ ಅವನು ನಕ್ಕ. "ಪರೀಕ್ಷೆ ಅಂದರೆ ಏನು ಅಂತ ಮೊದಲು ನೋಡು ಬಾರಯ್ಯ" ಎಂದು ಒಳಗೆ ಕರೆದೊಯ್ದ.

ಅವನ ವಿದ್ಯಾರ್ಥಿಗಳು ಆ ದಿನ ಲಕ್ಕಿ ಸೊಪ್ಪನ್ನು ಪರೀಕ್ಷಿಸುತ್ತಿದ್ದರು. ಬಾಣಂತಿಯ ಸ್ನಾನದ ನೀರಿಗೆ ನಮ್ಮ ಹಳ್ಳಿಗಳಲ್ಲಿ ಹಾಕುವ ಅದೇ ಲಕ್ಕಿ, ಸಂಸ್ಕೃತದಲ್ಲಿ ನಿರ್ಗುಂಡಿ. ನೆರಳಿನಲ್ಲಿ ಒಣಗಿಸಿದ ಸೊಪ್ಪನ್ನು ತರಿತರಿಯಾಗಿ ಪುಡಿಮಾಡಿ, ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣದಲ್ಲಿ ತುಂಬಿದ್ದರು. ಕೆಳಗಿನ ಬುರುಡೆಯಲ್ಲಿ ಮದ್ಯಸಾರ ಕುದಿದು ಆವಿಯಾಗಿ ಮೇಲೇರಿ, ತಣ್ಣಗಾಗಿ ಪುಡಿಯ ಮೇಲೆ ತೊಟ್ಟಿಕ್ಕಿ, ಸಾರವನ್ನು ಹೊತ್ತುಕೊಂಡು ಮತ್ತೆ ಕೆಳಗಿಳಿಯುತ್ತದೆ. ಹೀಗೆ ಗಂಟೆಗಟ್ಟಲೆ ನಡೆದ ಮೇಲೆ ಮದ್ಯಸಾರವನ್ನು ಹಾರಿಸಿದರೆ ತಳದಲ್ಲಿ ಕಪ್ಪುಹಸುರಿನ ಅಂಟು ಉಳಿಯುತ್ತದೆ. ಗಿಡದ ಸಾರವೆಂದರೆ ಇದೇ. ಆದರೆ ಒಂದೇ ಗಿಡಕ್ಕೆ ಒಂದೇ ಸಾರವೆಂದು ತಿಳಿಯಬಾರದು. ನೀರಿನಲ್ಲಿ ಕುದಿಸಿದರೆ ಒಂದು ಬಗೆಯ ವಸ್ತುಗಳು ಬಿಟ್ಟುಕೊಳ್ಳುತ್ತವೆ, ಮದ್ಯಸಾರದಲ್ಲಿ ಮತ್ತೊಂದು ಬಗೆ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ಹಳದಿ ವಸ್ತು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಎಣ್ಣೆಯಲ್ಲಿ, ಮದ್ಯಸಾರದಲ್ಲಿ ಕರಗುತ್ತದೆ. ಆದಕಾರಣ ಮದ್ಯಸಾರದ ಸಾರವನ್ನು ಪರೀಕ್ಷಿಸಿ, ಅಜ್ಜಿಯ ಕಷಾಯ ಸಫಲವೆಂದು ಸಾರುವುದು ಒಬ್ಬನ ಉತ್ತರಪತ್ರಿಕೆಗೆ ಇನ್ನೊಬ್ಬನಿಗೆ ಅಂಕ ಕೊಟ್ಟಂತೆ.

ಇನ್ನು ಇಲಿಯ ವಿಷಯ. ಓದುಗರಲ್ಲಿ ಮೃದುಹೃದಯರು ಈ ಪರಿಚ್ಛೇದವನ್ನು ಬೇಗ ದಾಟಬಹುದು. ನಾನೂ ನೋಡುವಾಗ ಕಿಟಕಿಯ ಕಡೆಗೆ ಎರಡು ಸಲ ತಿರುಗಿದೆ. ಕೆಂಪು ಕಡಲಪಾಚಿಯಿಂದ ತೆಗೆಯುವ ಕ್ಯಾರಗೀನನ್ ಎಂಬ ಲೋಳೆಯನ್ನು ನೂರರಲ್ಲಿ ಒಂದರಂತೆ ದ್ರಾವಣಮಾಡಿ, ಅದರ 0.1 ಮಿಲಿಲೀಟರನ್ನು ಇಲಿಯ ಹಿಂಗಾಲಿನ ಅಂಗಾಲಿಗೆ ಚುಚ್ಚುತ್ತಾರೆ. ಪಾದ ಊದಿಕೊಳ್ಳುತ್ತದೆ. ಗಂಟೆಗೊಂದು ಸಲ ಆ ಪಾದವನ್ನು ಹರಡಿನ ಬಳಿಯ ಗುರುತಿನವರೆಗೆ ಒಂದು ಕೊಳವೆಯ ದ್ರವದಲ್ಲಿ ಅದ್ದಿ, ದ್ರವ ಎಷ್ಟು ಮೇಲೇರಿತೆಂದು ನೋಡುತ್ತಾರೆ. ಸ್ನಾನದ ತೊಟ್ಟಿಯಲ್ಲಿ ಆರ್ಕಿಮಿಡೀಸನಿಗೆ ಹೊಳೆದ ತತ್ತ್ವ ಇಲಿಯ ಪಾದದವರೆಗೆ ಬಂದಿದೆ. ಈ ಕ್ರಮವನ್ನು 1962ರಲ್ಲಿ ವಿಂಟರ್, ರಿಸ್ಲಿ, ನಸ್ ಎಂಬ ಮೂವರು ಪ್ರಕಟಿಸಿದರು. ಅಂದಿನಿಂದ ಲೋಕದಲ್ಲಿ ಎಷ್ಟು ಗಿಡಗಳು ಈ ಪಾದದ ಮುಂದೆ ಹಾದುಹೋಗಿವೆಯೋ ಲೆಕ್ಕವಿಟ್ಟವರಿಲ್ಲ. ಒಂದು ಗುಂಪಿನ ಇಲಿಗಳಿಗೆ ಬರಿಯ ನೀರು, ಇನ್ನೊಂದಕ್ಕೆ ಗಿಡದ ಸಾರ, ಮತ್ತೊಂದಕ್ಕೆ ಇಂಡೊಮೆಥಸಿನ್‌ನಂಥ ಗೊತ್ತಿರುವ ಔಷಧ. ನೀರು ಕುಡಿದ ಇಲಿಯ ಪಾದ ಅರ್ಧ ಮಿಲಿಲೀಟರಿನಷ್ಟು ಊದಿ, ಸಾರ ಕುಡಿದ ಇಲಿಯದು ಕಾಲು ಮಿಲಿಲೀಟರಿನಷ್ಟೇ ಊದಿತೆನ್ನಿ, ಶೇಕಡ 50ರಷ್ಟು ಊತ ತಡೆಯಿತೆಂದು ಬರೆಯುತ್ತಾರೆ. ಪ್ರಾಣಿಗಳ ಮೇಲೆ ಇಂಥ ಪ್ರಯೋಗ ನಡೆಸಲು ಕಾಲೇಜಿನ ನೀತಿಸಮಿತಿಯ ಒಪ್ಪಿಗೆ ಬೇಕೇಬೇಕು.

"ಹಾಗಾದರೆ ನಮ್ಮ ಲಕ್ಕಿ ಪಾಸಾಗುತ್ತದೋ?" ಎಂದು ಕೇಳಿದೆ.

"ಬಹಳ ಗಿಡಗಳು ಪಾಸಾಗುತ್ತವೆ. ತೊಂದರೆ ಇರುವುದೇ ಅಲ್ಲಿ" ಎಂದು ಹೇಳಿ ಸ್ನೇಹಿತ ಕಾಫಿ ತರಿಸಿದ.

ನಮ್ಮ ಭಾಷೆಯಲ್ಲಿ ಉರಿಯೂತವೆಂಬ ಒಂದು ಒಳ್ಳೆಯ ಪದವಿದೆ. ಉರಿ ಮತ್ತು ಊತ, ಎರಡು ಲಕ್ಷಣಗಳೂ ಹೆಸರಿನಲ್ಲಿಯೇ ಕೈಹಿಡಿದು ನಿಂತಿವೆ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ಎಂಬಾತ ಕೆಂಪು, ಊತ, ಬಿಸಿ, ನೋವು ಎಂದು ನಾಲ್ಕು ಲಕ್ಷಣಗಳನ್ನು ಹೇಳಿದ. ನಮ್ಮವರು ಎರಡರಲ್ಲೇ ಮುಗಿಸಿದರು. ಆದರೆ ಇಲಿಯ ಉರಿಯೂತ ಬೆಳಗ್ಗೆ ಹುಟ್ಟಿ ಸಂಜೆಗೆ ಮುಗಿಯುವ ವ್ಯವಹಾರ. ಅಳೆಯುವುದು ನಾಲ್ಕೋ ಐದೋ ಗಂಟೆ. ಮೇಲಾಗಿ ಔಷಧವನ್ನು ಕೊಡುವುದು ಊತ ಬರುವುದಕ್ಕೆ ಮೊದಲು! ನಮ್ಮ ಅತ್ತೆಯ ಮಂಡಿಯಲ್ಲಿ ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ವರ್ಷಗಟ್ಟಲೆ ಸವೆದಿದೆ. ಔಷಧ ಬಂದದ್ದು ಆರು ವರ್ಷ ಕಳೆದ ಮೇಲೆ. ಇನ್ನು ದೇಹದ ರಕ್ಷಣಾಪಡೆಯೇ ತನ್ನ ಕೀಲುಗಳ ಮೇಲೆ ಬೀಳುವ ರುಮಟಾಯ್ಡ್ ಸಂಧಿವಾತ ಬೇರೆಯೇ ಜಾತಿಯದು. ಅದಕ್ಕೆ ಹತ್ತಿರವಾದ ರೋಗವನ್ನು ಇಲಿಯಲ್ಲಿ ಬರಿಸುವ ಕ್ರಮವೊಂದು 1956ರಿಂದ ಇದೆ: ಕಾಯಿಸಿ ಕೊಂದ ಕ್ಷಯದ ಕ್ರಿಮಿಗಳನ್ನು ಎಣ್ಣೆಯಲ್ಲಿ ಕಲಸಿ ಚುಚ್ಚಿದರೆ, ಹತ್ತುಹದಿನೈದು ದಿನಗಳಲ್ಲಿ ಚುಚ್ಚದ ಕಾಲುಗಳ ಕೀಲುಗಳೂ ಊದುತ್ತವೆ. ಇದು ಕಷ್ಟದ ಪರೀಕ್ಷೆ, ಮೂರು ನಾಲ್ಕು ವಾರ ಹಿಡಿಯುತ್ತದೆ. ಮೊದಲನೆಯದರಲ್ಲಿ ಪಾಸಾದ ಎಷ್ಟೋ ಸಾರಗಳು ಇಲ್ಲಿಯವರೆಗೆ ಬರುವುದೇ ಇಲ್ಲ.

ಪ್ರಮಾಣದ ಪ್ರಶ್ನೆ ಬೇರೆ ಇದೆ. ಇಲಿಗೆ ಸಾಮಾನ್ಯವಾಗಿ ಕೊಡುವುದು ಕಿಲೋ ತೂಕಕ್ಕೆ 200 ಮಿಲಿಗ್ರಾಮಿನ ಲೆಕ್ಕದಲ್ಲಿ. ಪ್ರೌಢಶಾಲೆಯ ತ್ರೈರಾಶಿಯಂತೆ ಗುಣಿಸಿದರೆ 60 ಕಿಲೋ ತೂಗುವ ಅತ್ತೆಗೆ 12 ಗ್ರಾಂ ಸಾರವಾಯಿತು. ವಿಜ್ಞಾನಿಗಳು ಶರೀರದ ಮೇಲ್ಮೈಯನ್ನು ಗಣನೆಗೆ ತಂದು ಇದನ್ನು ಆರರಿಂದ ಭಾಗಿಸುತ್ತಾರೆ. ಹಾಗಾದರೂ 2 ಗ್ರಾಂ ಶುದ್ಧ ಸಾರ. ನೂರು ಗ್ರಾಂ ಒಣಸೊಪ್ಪಿನಿಂದ ಹತ್ತು ಗ್ರಾಂ ಸಾರ ಬಂದಿತೆಂದು ಇಟ್ಟುಕೊಂಡರೆ ದಿನಕ್ಕೆ 20 ಗ್ರಾಂ ಒಣಸೊಪ್ಪು ಬೇಕು. ಪೊಟ್ಟಣದವರು ಹೇಳುವುದು ಎರಡು ಚಿಟಿಕೆ.

ಅರಿಸಿನದ ಕತೆಯನ್ನೇ ನೋಡಿ. ಅದರ ಹೆಸರು ಈಗ ಎಲ್ಲರ ಬಾಯಲ್ಲಿದೆ. ಲಖನೌವಿನ ಕೇಂದ್ರ ಔಷಧ ಸಂಶೋಧನ ಸಂಸ್ಥೆಯ ಶ್ರೀಮಲ್ ಮತ್ತು ಧವನ್ ಅವರು ಕರ್ಕ್ಯುಮಿನ್ ಇಲಿಗಳ ಊತವನ್ನು ತಗ್ಗಿಸುತ್ತದೆಂದು 1973ರಲ್ಲಿ ಪ್ರಕಟಿಸಿದರು. 1980ರಲ್ಲಿ ದೇವಧರ ಮತ್ತು ಸಂಗಡಿಗರು ಅದನ್ನು ಮನುಷ್ಯರವರೆಗೆ ತಂದರು: ರುಮಟಾಯ್ಡ್ ಸಂಧಿವಾತದ 18 ರೋಗಿಗಳು, ದಿನಕ್ಕೆ 1,200 ಮಿಲಿಗ್ರಾಂ ಕರ್ಕ್ಯುಮಿನ್, ಎರಡು ವಾರ. ಅಂದು ಬಳಕೆಯಲ್ಲಿದ್ದ ಫಿನೈಲ್‌ಬ್ಯುಟಜೋನ್ ಎಂಬ ಔಷಧದೊಡನೆ ಹೋಲಿಸಿ ನೋಡಿದರು. ಬೆಳಗಿನ ಹೊತ್ತಿನ ಕೀಲುಬಿಗಿತ ಕಡಿಮೆಯಾಯಿತು. ಆಶಾದಾಯಕವೇ ಸರಿ. ಆದರೆ ಅಡಿಗೆಮನೆಯ ಅರಿಸಿನದಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರರಷ್ಟಿದ್ದರೆ, 1,200 ಮಿಲಿಗ್ರಾಮಿಗೆ ದಿನಕ್ಕೆ 40 ಗ್ರಾಂ ಅರಿಸಿನ ತಿನ್ನಬೇಕಾಗುತ್ತದೆ. ಹುಳಿಗೆ ಚಿಟಿಕೆ ಅರಿಸಿನ ಹಾಕಿ ಮಂಡಿನೋವಿಗೆ ಮದ್ದಾಯಿತೆಂದುಕೊಳ್ಳುವ ಗೃಹಿಣಿಯರು ಕ್ಷಮಿಸಬೇಕು. ಹುಳಿಯ ರುಚಿಗೆ ನನ್ನ ಆಕ್ಷೇಪವಿಲ್ಲ.

ತಿಂದದ್ದಾದರೂ ರಕ್ತಕ್ಕೆ ಸೇರುತ್ತದೆಯೇ? ಇದಕ್ಕೆ ನಮ್ಮ ಬೆಂಗಳೂರಿನಲ್ಲಿಯೇ ನಡೆದ ಪ್ರಯೋಗವೊಂದು ಪ್ರಪಂಚಪ್ರಸಿದ್ಧವಾಗಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತದಲ್ಲಿ ಹುಡುಕಿದರು. ಸಿಕ್ಕಿದ್ದು ಇಲ್ಲವೆನ್ನುವಷ್ಟು ಅಲ್ಪ. ಕರಿಮೆಣಸಿನ ಪೈಪರೀನ್ 20 ಮಿಲಿಗ್ರಾಂ ಜೊತೆಗೆ ಕೊಟ್ಟಾಗ ದೇಹಕ್ಕೆ ದೊರೆಯುವ ಪ್ರಮಾಣ ಶೇಕಡ 2,000ದಷ್ಟು ಹೆಚ್ಚಿತೆಂದು 1998ರಲ್ಲಿ ಪ್ರಕಟವಾಯಿತು. ಇಂದು ಅರಿಸಿನದ ಗುಳಿಗೆಗಳ ಮೇಲೆಲ್ಲ ಈ ಸಂಖ್ಯೆ ರಾರಾಜಿಸುತ್ತಿದೆ. ಇಲ್ಲವೆನ್ನುವಷ್ಟು ಇದ್ದದ್ದು ಇಪ್ಪತ್ತು ಪಾಲು ಹೆಚ್ಚಿದರೂ ಎಷ್ಟಾದೀತೆಂಬ ಪ್ರಶ್ನೆಯನ್ನು ಮಾತ್ರ ಯಾರೂ ಅಚ್ಚುಹಾಕಿಸಿಲ್ಲ. ನನಗೆ ಇದಕ್ಕಿಂತ ಸ್ವಾರಸ್ಯವಾಗಿ ಕಂಡದ್ದು ಅದೇ ಲೇಖನದ ಇನ್ನೊಂದು ಅಂಕಿ: ಇಲಿಗಳಲ್ಲಿ ಹೆಚ್ಚಳ ಶೇಕಡ 154 ಮಾತ್ರ. ಅದೇ ಅರಿಸಿನ, ಅದೇ ಮೆಣಸು. ಇಲಿ ಒಂದು ಉತ್ತರ ಕೊಟ್ಟಿತು, ಮನುಷ್ಯ ಇನ್ನೊಂದು. ದೇಹಕ್ಕೆ ಹೆಚ್ಚು ಸೇರುವುದು ಎಂದಾದರೂ ಒಳ್ಳೆಯದೇ ಎಂದೂ ತಿಳಿಯುವಂತಿಲ್ಲ. ಅರಿಸಿನದ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಹತ್ತು ಮಂದಿಯ ವರದಿ ಅಮೆರಿಕದಲ್ಲಿ 2022ರಲ್ಲಿ ಬಂದಿತು. ಅವುಗಳಲ್ಲಿ ಕೆಲವು ಗುಳಿಗೆಗಳಲ್ಲಿ ಮೆಣಸೂ ಇತ್ತು.

ಹಾಗೆಂದು ಗಿಡಮೂಲಿಕೆಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಗಿಡವೊಂದು ಪೂರ್ತಿ ದಾರಿಯನ್ನು ನಡೆದು ಗುರಿಮುಟ್ಟಿದ ದೃಷ್ಟಾಂತ ನಮ್ಮೆಲ್ಲರ ಮನೆಯ ಔಷಧದ ಡಬ್ಬಿಯಲ್ಲಿದೆ. ಇಂಗ್ಲೆಂಡಿನ ಚಿಪ್ಪಿಂಗ್ ನಾರ್ಟನ್ನಿನ ಪಾದ್ರಿ ಎಡ್ವರ್ಡ್ ಸ್ಟೋನ್ ಅಕಸ್ಮಾತ್ತಾಗಿ ವಿಲೋ ಮರದ ತೊಗಟೆಯನ್ನು ನಾಲಗೆಗೆ ಮುಟ್ಟಿಸಿದ. ಅದರ ಕಹಿ ಚಳಿಜ್ವರದ ಸಿಂಕೋನ ತೊಗಟೆಯನ್ನು ನೆನಪಿಗೆ ತಂದಿತು. ಅದನ್ನು ರೊಟ್ಟಿಯ ಒಲೆಯ ಮೇಲೆ ಮೂರು ತಿಂಗಳಿಗೂ ಹೆಚ್ಚುಕಾಲ ಒಣಗಿಸಿ, ಪುಡಿಮಾಡಿ, ಸುಮಾರು ಐವತ್ತು ಮಂದಿಗೆ ಕೊಟ್ಟು, 1763ರಲ್ಲಿ ರಾಯಲ್ ಸೊಸೈಟಿಗೆ ಕಾಗದ ಬರೆದ. 1828ರಲ್ಲಿ ಮ್ಯೂನಿಕ್ಕಿನಲ್ಲಿ ಆ ತೊಗಟೆಯಿಂದ ಸ್ಯಾಲಿಸಿನ್ ಎಂಬ ಕಹಿಸತ್ತ್ವವನ್ನು ಬೇರ್ಪಡಿಸಿದರು. 1876ರಲ್ಲಿ ಸ್ಕಾಟ್ಲೆಂಡಿನ ಡಂಡಿಯ ವೈದ್ಯ ಮ್ಯಾಕ್ಲಗನ್ ಅದನ್ನು ಮೊದಲು ತಾನೇ ನುಂಗಿ ನೋಡಿ, ಅನಂತರ ಕೀಲುಗಳು ಊದಿ ಜ್ವರದಿಂದ ನರಳುತ್ತಿದ್ದವರಿಗೆ ಕೊಟ್ಟು ಗುಣ ಕಂಡ. 1897ರಲ್ಲಿ ಜರ್ಮನಿಯಲ್ಲಿ ಅದರ ಸಂಬಂಧಿಯಾದ ಆಸ್ಪಿರಿನ್ ಶುದ್ಧರೂಪದಲ್ಲಿ ತಯಾರಾಗಿ 1899ರಲ್ಲಿ ಅಂಗಡಿಗೆ ಬಂದಿತು. ಅದು ಹೇಗೆ ಕೆಲಸಮಾಡುತ್ತದೆಂಬುದು ಗೊತ್ತಾದದ್ದು 1971ರಲ್ಲಿ. ಊತ ನೋವುಗಳನ್ನು ಹುಟ್ಟಿಸುವ ಪ್ರೊಸ್ಟಾಗ್ಲಾಂಡಿನ್‌ಗಳನ್ನು ದೇಹ ತಯಾರಿಸದಂತೆ ಅದು ತಡೆಯುತ್ತದೆಂದು ಜಾನ್ ವೇನ್ ತೋರಿಸಿಕೊಟ್ಟು, 1982ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದ. ಪಾದ್ರಿಯ ನಾಲಗೆಯಿಂದ ವೇನನ ಪ್ರಯೋಗಶಾಲೆಗೆ 200 ವರ್ಷಕ್ಕೂ ಮೇಲ್ಪಟ್ಟ ದಾರಿ. ಹೊಟ್ಟೆಯನ್ನು ಕೆರಳಿಸುವ ದೋಷ ಅದಕ್ಕೆ ಇಂದಿಗೂ ಉಂಟು. ಆದರೆ ಆ ದೋಷವೂ ಪರೀಕ್ಷೆಯಿಂದಲೇ ತಿಳಿದದ್ದು, ಅಚ್ಚಾದದ್ದು.

ನಮ್ಮ ಮರವೊಂದು ಇದೇ ದಾರಿಯಲ್ಲಿ ಅರ್ಧಕ್ಕೂ ಹೆಚ್ಚು ನಡೆದು ಬಂದಿದೆ: ಶಲ್ಲಕಿ. ಹಳಗನ್ನಡ ಓದಿದವರಿಗೆ ಈ ಹೆಸರು ಹೊಸದಲ್ಲ. ಕಾವ್ಯಗಳ ಆನೆಗಳಿಗೆ ಶಲ್ಲಕಿಯ ಚಿಗುರೆಂದರೆ ಪ್ರಾಣ. ಅಮರಕೋಶದಲ್ಲಿ ಅದಕ್ಕೆ ಗಜಭಕ್ಷ್ಯಾ ಎಂಬ ಹೆಸರೇ ಇದೆ. ದಖನ್ನಿನ ಒಣಕಾಡುಗಳಲ್ಲಿ ಬೆಳೆಯುವ ಈ ಮರದ ತೊಗಟೆಯನ್ನು ಕೆತ್ತಿದರೆ ಒಸರುವ ಅಂಟನ್ನು ಧೂಪಕ್ಕೆ ಹಾಕುತ್ತಾರೆ. ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದ ಸಿಂಗ್ ಮತ್ತು ಅಟಲ್ ಅವರು ಇದರ ಸಾರ ಇಲಿಗಳ ಊತವನ್ನೂ ಸಂಧಿವಾತವನ್ನೂ ತಗ್ಗಿಸುತ್ತದೆಂದು 1986ರಲ್ಲಿ ಪ್ರಕಟಿಸಿದರು. ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ಅಮ್ಮೋನ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ, ಅದರ ಆಮ್ಲಗಳು ಆಸ್ಪಿರಿನ್ ತಡೆಯುವ ಕಿಣ್ವವನ್ನಲ್ಲ, ಊತಕ್ಕೆ ಕಾರಣವಾಗುವ ಬೇರೊಂದು ಕಿಣ್ವವನ್ನು ತಡೆಯುತ್ತವೆಂದು ಕಂಡರು. ಬಳಿಕ ನಾಗಪುರದ ವೈದ್ಯರು ಮಂಡಿ ಸವೆದ 30 ರೋಗಿಗಳನ್ನು ಆರಿಸಿಕೊಂಡು, 15 ಮಂದಿಗೆ ಎಂಟು ವಾರ ಶಲ್ಲಕಿಯ ಸಾರ, ಉಳಿದ 15 ಮಂದಿಗೆ ಅದರಂತೆಯೇ ಕಾಣುವ ಹುಸಿ ಔಷಧ ಕೊಟ್ಟು, ನಡುವೆ ಬಿಡುವು ಬಿಟ್ಟು, ಅನಂತರ ಅದಲುಬದಲು ಮಾಡಿದರು. 2003ರಲ್ಲಿ ಫಲಿತಾಂಶ ಬಂದಿತು: ಸಾರ ತೆಗೆದುಕೊಂಡ ಕಾಲದಲ್ಲಿ ನೋವು ಇಳಿಯಿತು, ಮಂಡಿ ಹೆಚ್ಚು ಮಡಿಸಿತು, ನಡೆಯುವ ದೂರ ಬೆಳೆಯಿತು. ಎಕ್ಸ್‌ರೇ ಚಿತ್ರದಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಈ ಕಡೆಯ ಸಾಲನ್ನೂ ಮುಚ್ಚಿಡದೆ ಬರೆದದ್ದರಿಂದಲೇ ಮೊದಲಿನ ಸಾಲುಗಳಲ್ಲಿ ನನಗೆ ನಂಬಿಕೆ ಬಂದಿತು. ಮೂವತ್ತು ಮಂದಿ ಸಣ್ಣ ಸಂಖ್ಯೆಯೇ. ಸ್ನೇಹಿತನೂ ಅದನ್ನೇ ಹೇಳಿದ.

ಹುಸಿ ಔಷಧವೇಕೆ? ರೋಗಿಗೆ ಮೋಸವಲ್ಲವೇ? ಎಂದು ನಾನೂ ಕೇಳಿದೆ. ನೋವು ತುಟ್ಟತುದಿಗೇರಿದಾಗಲೇ ಮನುಷ್ಯ ಔಷಧ ಹುಡುಕುವುದು. ಮಂಡಿನೋವಿನ ಸ್ವಭಾವವೇ ಏರುವುದು, ಇಳಿಯುವುದು. ತುದಿಗೇರಿದ್ದು ತಾನಾಗಿ ಇಳಿಯುವ ಹೊತ್ತಿಗೆ ಬಾಯಲ್ಲಿ ಯಾವ ಮದ್ದಿತ್ತೋ ಅದಕ್ಕೆ ಕೀರ್ತಿ. ಇದರ ಮೇಲೆ ನಂಬಿಕೆಯ ಬಲ ಬೇರೆ. ಆದ್ದರಿಂದ ಕೊಡುವ ವೈದ್ಯರಿಗೂ ತೆಗೆದುಕೊಳ್ಳುವ ರೋಗಿಗೂ ಯಾವುದು ನಿಜ, ಯಾವುದು ಹುಸಿ ಎಂದು ತಿಳಿಯದಂತೆ ಏರ್ಪಾಡು ಮಾಡುತ್ತಾರೆ. ರೋಗಿಗೆ ಈ ಏರ್ಪಾಡನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯುತ್ತಾರೆ. ಗಿಡಮೂಲಿಕೆಯಲ್ಲಿ ಇದು ಸುಲಭವಲ್ಲ. ಶುಂಠಿಯ ವಾಸನೆಯಿಲ್ಲದ ಹುಸಿ ಶುಂಠಿಯಿಂದ ನಮ್ಮ ಅತ್ತೆಯಂಥವರನ್ನು ಒಂದು ದಿನವೂ ವಂಚಿಸಲಾಗದು.

ಪುಣೆಯ ಡಾ. ಅರವಿಂದ ಚೋಪ್ರಾ ಅವರ ತಂಡ ಈ ಶ್ರಮವನ್ನು ವಹಿಸಿತು. ಆಯುರ್ವೇದದ ಯೋಗವೊಂದನ್ನು ರುಮಟಾಯ್ಡ್ ಸಂಧಿವಾತದ 182 ರೋಗಿಗಳಲ್ಲಿ 16 ವಾರ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ಔಷಧ ಪಡೆದವರು ಸುಧಾರಿಸಿದರು. ಹುಸಿ ಔಷಧ ಪಡೆದವರೂ ಬಹಳಮಟ್ಟಿಗೆ ಸುಧಾರಿಸಿದರು. ಮುಖ್ಯ ಅಳತೆಗಳಲ್ಲಿ ನಿಶ್ಚಿತ ವ್ಯತ್ಯಾಸ ಕಾಣಲಿಲ್ಲ. ಅವರು ಎದೆಗುಂದದೆ, ಅಶ್ವಗಂಧ, ಶಲ್ಲಕಿ, ಶುಂಠಿ, ಅರಿಸಿನಗಳು ಸೇರಿದ ಯೋಗವನ್ನು ಮಂಡಿ ಸವೆದ 90 ಮಂದಿಯಲ್ಲಿ 32 ವಾರ ಪರೀಕ್ಷಿಸಿದರು. 2004ರ ಆ ವರದಿಯಲ್ಲಿ ಔಷಧ ಹುಸಿಯನ್ನು ಗೆದ್ದಿತ್ತು. ಮಂಡಿಯ ಕಷ್ಟವನ್ನು ಅಳೆಯಲು ಪಾಶ್ಚಾತ್ಯರು ರಚಿಸಿದ 24 ಪ್ರಶ್ನೆಗಳ ಪಟ್ಟಿಯೊಂದಿದೆ. ಪುಣೆಯವರು ಅದನ್ನು ನೆಲದ ಮೇಲೆ ಚಕ್ಕಳಮಕ್ಕಳ ಹಾಕುವ, ಕುಕ್ಕರಗಾಲಿನಲ್ಲಿ ಕೂರುವ ನಮ್ಮ ಜನಕ್ಕೆ ಹೊಂದುವಂತೆ ತಿದ್ದಿಕೊಂಡಿದ್ದಾರೆ. ಊಟದ ಎಲೆಯ ಮುಂದೆ ಕುಳಿತು ಏಳಲಾರದ ನೋವು ಕುರ್ಚಿಯ ಪ್ರಶ್ನೆಗಳಿಗೆ ಹೇಗೆ ಸಿಕ್ಕೀತು?

"ರೋಗಿ ರೋಗಿಗೂ ಔಷಧ ಬದಲಿಸುವ ಆಯುರ್ವೇದವನ್ನು ಒಂದೇ ಗುಳಿಗೆಯಿಂದ ಅಳೆಯುವುದು ಅನ್ಯಾಯ" ಎಂದು ವೈದ್ಯಪಂಡಿತರು ಹೇಳುವುದುಂಟು. ಆ ಮಾತಿನಲ್ಲಿ ತಥ್ಯವಿದೆ. ಕೊಯಮತ್ತೂರಿನಲ್ಲಿ ಅದಕ್ಕೂ ಉಪಾಯ ಹುಡುಕಿದರು. ರುಮಟಾಯ್ಡ್ ಸಂಧಿವಾತದ 43 ರೋಗಿಗಳಲ್ಲಿ ಒಂದು ಗುಂಪಿಗೆ ಆಯುರ್ವೇದದ ಚಿಕಿತ್ಸೆ, ಒಂದಕ್ಕೆ ಮೆಥೊಟ್ರೆಕ್ಸೇಟ್, ಇನ್ನೊಂದಕ್ಕೆ ಎರಡೂ. ಯಾರಿಗೆ ಯಾವುದೆಂದು ತಿಳಿಯದಂತೆ ಎಲ್ಲದಕ್ಕೂ ಹುಸಿಜೋಡಿಗಳು. ವೈದ್ಯರು ರೋಗಿಗೆ ತಕ್ಕಂತೆ ಔಷಧವನ್ನು ಬದಲಿಸಬಹುದಾಗಿತ್ತು. 36 ವಾರಗಳ ಕೊನೆಗೆ ಮೂರು ಗುಂಪುಗಳೂ ಹೆಚ್ಚುಕಡಿಮೆ ಸಮಸಮವಾಗಿ ನಿಂತವು. 2011ರಲ್ಲಿ ಇದನ್ನು ಪ್ರಕಟಿಸಿದವರೇ ಇದು ಆರಂಭದ ಹೆಜ್ಜೆಯೆಂದರು. ಇಷ್ಟು ಸಣ್ಣ ಗುಂಪುಗಳಿಂದ ತೀರ್ಪು ಕೊಡಲಾಗದು. ಆದರೂ ಇಂಥ ಪರೀಕ್ಷೆ ಅಸಾಧ್ಯವೆಂಬ ನೆವ ಅಂದಿಗೆ ಮುಗಿಯಿತು.

ಇಷ್ಟೆಲ್ಲ ಮಾತಾಡಿ ನಾನು ಎದ್ದೆ. ಸ್ನೇಹಿತ ಪೊಟ್ಟಣವನ್ನು ಮತ್ತೆ ಕೈಗೆತ್ತಿಕೊಂಡ.

"ಎಷ್ಟು ದಿನಕ್ಕೆ ಗುಣ ಕಾಣಿಸಿತು ಅಂದೆ?"

"ನಾಲ್ಕು."

"ಗಿಡಮೂಲಿಕೆಗೆ ಇಷ್ಟೊಂದು ಆತುರ ಇರೋದಿಲ್ಲವಯ್ಯ. ಅತ್ತೆಯ ಮುಖ ಹೇಗಿದೆ?"

ಆ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಅತ್ತೆಯ ಮುಖ ತುಂಬಿಕೊಂಡು ದುಂಡಗಾಗಿದೆ, ಹಸಿವು ಹೆಚ್ಚಿದೆ, ನೋವು ಹೋದ ಮೇಲೆ ಮೈ ಹಿಡಿದಿದೆ ಎಂದು ಮನೆಯವರೆಲ್ಲ ಹಿಗ್ಗಿದ್ದೆವು. ಅದನ್ನೇ ಹೇಳಿದೆ. ಅವನು ನಗಲಿಲ್ಲ.

ಪುಡಿಯನ್ನು ಮದ್ಯಸಾರದಲ್ಲಿ ಕಲಕಿ ಸೋಸಿ, ಬಿಳಿಯ ಲೇಪವಿದ್ದ ಒಂದು ಫಲಕದ ಅಂಚಿನಲ್ಲಿ ಒಂದು ತೊಟ್ಟಿಟ್ಟ. ಪಕ್ಕದಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡಿನ ಒಂದು ತೊಟ್ಟು. ಫಲಕದ ತಳವನ್ನು ದ್ರಾವಕದಲ್ಲಿ ನಿಲ್ಲಿಸಿದ. ದ್ರಾವಕ ಮೇಲೇರುತ್ತ ಪ್ರತಿಯೊಂದು ವಸ್ತುವನ್ನೂ ಅದರದರ ಸ್ವಭಾವದಂತೆ ಒಂದೊಂದು ಎತ್ತರಕ್ಕೆ ಒಯ್ಯುತ್ತದೆ. ಅರ್ಧಗಂಟೆಯ ಮೇಲೆ ಕತ್ತಲೆಯ ಪೆಟ್ಟಿಗೆಯಲ್ಲಿ ಅತಿನೇರಳೆ ದೀಪದ ಕೆಳಗೆ ನೋಡಿದೆವು. ಗಿಡದ ಹಲವು ಮಸುಕು ಗುರುತುಗಳ ನಡುವೆ ಒಂದು ದಟ್ಟವಾದ ಚುಕ್ಕೆ, ಪಕ್ಕದ ಸ್ಟೀರಾಯ್ಡಿನ ಚುಕ್ಕೆಗೆ ಸರಿಸಮಾನವಾದ ಎತ್ತರದಲ್ಲಿ, ಅವಳಿಯಂತೆ ನಿಂತಿತ್ತು. "ಇದು ಬಲವಾದ ಸಂದೇಹ, ತೀರ್ಪಲ್ಲ. ದೊಡ್ಡ ಯಂತ್ರದಲ್ಲಿ ನೋಡಬೇಕು. ಆದರೆ ನಾಳೆಯೇ ಅವರನ್ನು ಡಾಕ್ಟರ ಹತ್ತಿರ ಕರಕೊಂಡು ಹೋಗು. ಪುಡಿಯನ್ನು ನೀವಾಗಿ ಥಟ್ಟನೆ ನಿಲ್ಲಿಸಬೇಡಿ" ಎಂದ.

ಎರಡನೆಯ ಮಾತು ನನಗೆ ವಿಚಿತ್ರವಾಗಿ ಕೇಳಿಸಿತು. ವಿಷವೆಂದು ತಿಳಿದ ಮೇಲೂ ನಿಲ್ಲಿಸಬಾರದೇ? ಡಾಕ್ಟರು ವಿವರಿಸಿದರು. ಹೊರಗಿನಿಂದ ಸ್ಟೀರಾಯ್ಡು ವಾರಗಟ್ಟಲೆ ಬರುತ್ತಿದ್ದರೆ, ಅದನ್ನು ಹೋಲುವ ರಸವನ್ನು ತಯಾರಿಸುವ ದೇಹದ ಗ್ರಂಥಿಗಳು ಕೆಲಸ ಬಿಟ್ಟು ಕೂರುತ್ತವೆ. ಒಮ್ಮೆಗೇ ನಿಲ್ಲಿಸಿದರೆ ರಕ್ತದ ಒತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ರಕ್ತ ಪರೀಕ್ಷಿಸಿದಾಗ ಎಂದೂ ಇಲ್ಲದ ಸಕ್ಕರೆ ಅತ್ತೆಗೆ ಕಾಣಿಸಿಕೊಂಡಿತ್ತು. ಡಾಕ್ಟರು ಪುಡಿಯ ಬದಲು ಅಳತೆ ಗೊತ್ತಿರುವ ಗುಳಿಗೆ ಕೊಟ್ಟು, ವಾರವಾರಕ್ಕೂ ಸ್ವಲ್ಪಸ್ವಲ್ಪ ಇಳಿಸುತ್ತ ಬಂದರು. ಪೊಟ್ಟಣ ತಂದುಕೊಟ್ಟ ನೆಂಟರನ್ನು ಕೇಳಿದರೆ, ಜಾತ್ರೆಯಲ್ಲಿ ಯಾರೋ ಮಾರುತ್ತಿದ್ದರಂತೆ. ಅವರ ತಾಯಿಯೂ ಅದನ್ನೇ ತೆಗೆದುಕೊಳ್ಳುತ್ತಿದ್ದರು. ಆ ತಾಯಿಯನ್ನೂ ಅದೇ ದಿನ ಆಸ್ಪತ್ರೆಗೆ ಕರೆತಂದರು.

ಅತ್ತೆಯ ಮುಖ ಈಗ ಮೊದಲಿನಂತಾಗಿದೆ, ಸಕ್ಕರೆ ಇಳಿದಿದೆ. ಮಂಡಿಯ ನೋವು ತನ್ನ ಹಳೆಯ ಜಾಗಕ್ಕೆ ಮರಳಿ ಬಂದಿದೆ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಯ ಭಾರ ಹಗುರಾಗುತ್ತದೆಂದು ಡಾಕ್ಟರು ಕಾಲೆತ್ತುವ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಅತ್ತೆ ಕುರ್ಚಿಯಲ್ಲಿ ಕುಳಿತು, ಒಂದೊಂದು ಸಲ ಕಾಲೆತ್ತಿದಾಗಲೂ ಒಂದೊಂದು ದೇವರನ್ನು ಕರೆಯುತ್ತಾರೆ. ಮೆಟ್ಟಿಲಿನ ದೇವರುಗಳಿಗೆಲ್ಲ ಹೀಗೆ ವರ್ಗವಾಗಿದೆ. ರಾತ್ರಿ ಬಿಸಿಮಾಡಿದ ಲಕ್ಕಿ ಸೊಪ್ಪು ಕಟ್ಟಿಕೊಳ್ಳುತ್ತಾರೆ; ಅದಕ್ಕೆ ಡಾಕ್ಟರ ಆಕ್ಷೇಪವಿಲ್ಲ. ಹಪ್ಪಳದ ಕೆಲಸ ಮತ್ತೆ ನನ್ನದಾಗಿದೆ.

ಮೊನ್ನೆ ಸಂಜೆ ಸೊಪ್ಪು ಕಟ್ಟಿಕೊಡುತ್ತಿದ್ದಾಗ ಅತ್ತೆ ತಗ್ಗಿದ ದನಿಯಲ್ಲಿ, "ಏನೇ ಹೇಳು, ಆ ಪುಡಿ ತಗೊಂಡಾಗ ನೋವು ಅನ್ನೋದೇ ಇರಲಿಲ್ಲ ಕಣೋ" ಎಂದರು. ಅದು ನಿಜವಾದ್ದರಿಂದ ನಾನು ಏನೂ ಹೇಳಲಾಗಲಿಲ್ಲ. ಉಳಿದ ಎರಡು ಪೊಟ್ಟಣಗಳನ್ನು ಔಷಧ ಪರಿವೀಕ್ಷಕರಿಗೆ ಒಪ್ಪಿಸುವವರೆಗೆ ನನ್ನ ಬೀರುವಿನಲ್ಲಿ, ವಿದ್ಯಾರ್ಥಿಗಳ ಉತ್ತರಪತ್ರಿಕೆಗಳ ಕೆಳಗೆ ಇಟ್ಟು ಬೀಗ ಹಾಕಿದ್ದೇನೆ. ಬೀಗದ ಕೈ ಎಲ್ಲಿಟ್ಟಿದ್ದೇನೆಂದು ಅತ್ತೆ ಈ ವಾರದಲ್ಲಿ ಎರಡು ಸಲ ಕೇಳಿದ್ದಾರೆ.